ಅಟ್ಟದ ಹೊಗೆ ಕುಡಿದ ಕಂಪ್ಯೂಟರು

ಹಂಚಿನ ಕಾರ್ಖಾನೆಯ ನಲವತ್ತೊಂದು ಹೆಂಗಸರಿಗೆ ಬರಬೇಕಾದ ಗ್ರಾಚ್ಯುಟಿ ಇನ್ನೂ ಬಂದಿಲ್ಲ. ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷವಾಯಿತು. ಹನ್ನೊಂದು ಮಂದಿ ಸತ್ತೂ ಹೋದರು. ಇವರು ನಮ್ಮ ಕೆಲಸದವರೇ ಅಲ್ಲ ಎಂಬುದು ಧಣಿಗಳ ವಾದ. ಹೌದೆನ್ನುವ ಹಾಜರಿ ಪಟ್ಟಿ ಇರುವುದು ಒಂದೇ ಕಡೆ, ಅಲ್ಲಿನ ಆಫೀಸಿನ ಹಳೇ ಕಂಪ್ಯೂಟರಿನಲ್ಲಿ. ಬಾಗಿಲು ಹಾಕಿದ ದಿನ ಗುಜರಿಗೆ ಎಸೆದಿದ್ದ ಅದನ್ನು ಆ ಹೆಂಗಸರಲ್ಲೊಬ್ಬಳಾದ ನಾವುಂದದ ಸೀತು ತಲೆಮೇಲೆ ಹೊತ್ತು ಮನೆಗೆ ತಂದಳು. ಥಂಡಿ ತಾಗದ ಹಾಗೆ ಇಡು ಎಂದವರು ಕಾರ್ಮಿಕ ಸಂಘದವರಾದ ನಾವು.

ವಿಚಾರಣೆಯ ದಿನ ಗೊತ್ತಾದ ಮೇಲೆ ಅದನ್ನು ಸಂಘದ ಕಚೇರಿಗೆ ತಂದು ಪ್ಲಗ್ ಚುಚ್ಚಿದೆವು. ಢಬ್ ಎಂದಿತು, ಹಿಂದಿನಿಂದ ಹೊಗೆ ಬಂತು. ಡಿಸ್ಕ್ ಕಳಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ ಪಟ್ಟಿ ತಿದ್ದಿದ್ದಾರೆ ಅನ್ನುತ್ತಾರೆ, ಅದೇ ಯಂತ್ರದಲ್ಲಿ ತೋರಿಸಿ ಎಂದರು ವಕೀಲರು. ಹಾಗಾಗಿ ಸೀತುವನ್ನೂ ಕರೆದುಕೊಂಡು ಹೆಮ್ಮಾಡಿಯ ಭೋಜರಾಜನ ರಿಪೇರಿ ಅಂಗಡಿಗೆ ಹೋದೆವು.

ಭೋಜರಾಜನಿಗೆ ಅರವತ್ತೆರಡು. ಮನೆಯವರೆಲ್ಲ ಮುಂಬಯಿಯಲ್ಲಿ ಹೋಟೆಲು ನಡೆಸುವಾಗ ಇವನು ಮಾವನ ಗಲ್ಲಾ ಬಿಟ್ಟು ರೇಡಿಯೊ ರಿಪೇರಿಯವನ ಪಕ್ಕ ಕೂತು ಕಲಿತ. ಊರಿಗೆ ಬಂದು ದೋಣಿಗಳ ವೈರ್‌ಲೆಸ್ ಸೆಟ್ಟು ಬಿಚ್ಚಲು ಕೂತವನು ಮೂವತ್ತು ವರ್ಷದಿಂದ ಎದ್ದಿಲ್ಲ. ಎಡಗೈ ಹೆಬ್ಬೆರಳಲ್ಲಿ ಬಿಳಿ ಕಲೆ. ಪ್ಲಗ್ ಎಳೆದ ಮೇಲೂ ಕರೆಂಟು ಹಿಡಿದಿಟ್ಟುಕೊಂಡಿದ್ದ ಕೆಪಾಸಿಟರ್ ಕೊಟ್ಟ ಪಾಠ ಅದು. ಮಾತು ಒರಟು. ಬೇಕಾದವರು ಮಾತ್ರ ಹೋಗುತ್ತಾರೆ.

ಪವರ್ ಸಪ್ಲೈ ಪೆಟ್ಟಿಗೆ ಬಿಚ್ಚಿ ಬೆರಳಾಡಿಸಿದ. ಬೆರಳು ಕಪ್ಪಾಯಿತು, ಅಂಟು ಅಂಟು.

"ಹ್ವಾಯ್ ಸೀತಕ್ಕ, ಇದನ್ನ ಎಲ್ಲಿ ಇಟ್ಕಂಡಿದ್ರಿ?"

"ಒಲಿ ಮೇಲಿನ ಅಟ್ಟದಗೆ. ಮಳಿಗಾಲ್ದಗೆ ಥಂಡಿ ಹಿಡಿತ್ತ್ ಅಂದೇಳಿ."

"ಒಣಮೀನಿನ ಒಟ್ಟಿಗಾ?"

"ಹ್ಞಾ. ಮೀನ್ ಹಾಳಾಯ್ಲಿಲ್ಲ ಅಲ್ದಾ?"

ಭೋಜರಾಜ ನಗಲಿಲ್ಲ, ಬಿಡಿಸಿ ಹೇಳಿದ. ಇಲ್ಲಿಯ ಗಾಳಿಯಲ್ಲಿ ಉಪ್ಪು, ಒಲೆಯ ಹೊಗೆಯಲ್ಲಿ ಮಸಿ. ಎರಡೂ ಕೂಡಿ ತೇವ ಎಳೆದು, ಕರೆಂಟು ಹೋಗಬಾರದ ಕಡೆ ದಾರಿ ಮಾಡಿದ್ದವು. ಮೀನು ಕಾಯ್ದ ಅಟ್ಟವೇ ಯಂತ್ರವನ್ನು ಸುಟ್ಟಿತ್ತು.

"ನಾನೇ ಹಾಳ್ ಮಾಡ್ದೆನಾ?" ಸೀತು ಬೆಂಚಿನಿಂದ ಎದ್ದಳು. "ಹಾಂಗಾರೆ ಸತ್ತವ್ರ ಮಕ್ಳಿಗೆ ಎಂತ ಹೇಳೂದ್?"

"ಕೂಕಣಿ. ಡಿಸ್ಕಿನ ಒಳಗೆ ಹೊಗೆ ಹೋತಿಲ್ಲೆ. ನೋಡುವ."

ಸ್ಪಿರಿಟ್ ಹಾಕಿ ಹಲ್ಲುಜ್ಜುವ ಬ್ರಷ್ಷಿನಲ್ಲಿ ಮಸಿ ತೊಳೆದ. ಹೊಸ ಫ್ಯೂಸ್ ಕೂರಿಸಿ, ಕರೆಂಟು ಬರುವ ತಂತಿಯ ನಡುವೆ ನೂರು ವ್ಯಾಟಿನ ಬಲ್ಬು ಕಟ್ಟಿದ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರಾ ಉರಿಯುತ್ತದೆ, ಯಂತ್ರ ಸುಡುವುದಿಲ್ಲ. ಸ್ವಿಚ್ ಒತ್ತಿದ. ಬಲ್ಬು ಪೂರಾ ಉರಿಯಿತು.

ಮತ್ತೆ ಕಳಚಿದ. ಒಂದೊಂದೇ ಬಿಡಿಭಾಗಕ್ಕೆ ಮೀಟರು ಮುಟ್ಟಿಸಿ, ಸತ್ತ ಎರಡು ಡಯೋಡು, ಉಬ್ಬಿದ ಮೂರು ಕೆಪಾಸಿಟರು ಕಿತ್ತು ಹೊಸತು ಬೆಸೆದ. ಊಟದ ಹೊತ್ತು ದಾಟಿತು. ಈ ಸಲ ಬಲ್ಬು ಮಿಂಚಿ ಮಂಕಾಯಿತು.

"ಈಗ ಡಿಸ್ಕಿಗೆ ಕೊಡು ಮಾರಾಯ" ಎಂದೆ.

"ಸುಮ್ನಿರಿ. ಇಪ್ಪತ್ತ್ ವರ್ಷ ಕಾದವ್ರಿಗೆ ಒಂದ್ ಗಳಿಗಿ ಕಾಯುಕ್ ಆತಿಲ್ಯಾ? ಕರೆಂಟ್ ಜಾಸ್ತಿ ಬಂದ್ರೆ ಪಟ್ಟಿಯೇ ಹೋಯ್ತ್."

ಡಿಸ್ಕಿನ ಬದಲು ರಿಕ್ಷಾದ ಹೆಡ್‌ಲೈಟ್ ಬಲ್ಬು ಸಿಕ್ಕಿಸಿದ. ಅರ್ಧ ತಾಸು ಅದು ಒಂದೇ ಸಮ ಉರಿಯಿತು. ಮೀಟರಿನಲ್ಲಿ ಹನ್ನೆರಡು ವೋಲ್ಟ್ ಕದಲಲಿಲ್ಲ. ಆಮೇಲೆ ಡಿಸ್ಕ್ ಜೋಡಿಸಿದ. ಕೊರ್ ಎಂದು ತಿರುಗಿತು. ಪರದೆಯಲ್ಲಿ ಹೆಸರುಗಳು ಬಂದವು.

"ನಂಗೆ ಓದೂಕ್ ಬತ್ತಿಲ್ಲೆ. ನನ್ ಹೆಸ್ರ್ ಇತ್ತಾ?"

"ಇತ್ತ್. ಸೀತು, ಮಣ್ಣು ಹೊರುವ ಕೆಲಸ. ತಿಂಗ್ಳಿಡೀ ಹಾಜರ್. ಹದ್ನಾಲ್ಕನೇ ತಾರೀಕ್ ಮಾತ್ರ ಇಲ್ಲೆ."

"ಅದ್ ಮುಷ್ಕರದ್ ದಿನ" ಎಂದಳು ಸೀತು. "ಅವತ್ತಿನ ಸಂಬ್ಳ ಅವ್ರ್ ಕಡ್ದಿರ್. ಉಳ್ದದ್ ಕೊಡ್ಲಿ."

ಪಟ್ಟಿ ಸಿಕ್ಕಿತು. ಈಗ ಯಂತ್ರವನ್ನೇ ಸುಳ್ಳೆನ್ನಲು ಧಣಿಗಳ ಕಡೆಯವರು ತಯಾರಾಗಿದ್ದಾರೆ. ಓದುವವರೇ, ನಿಮ್ಮ ಮಾಡಿನ ಹಂಚಿನ ಅಡಿಯಲ್ಲಿ ಆ ಕಾರ್ಖಾನೆಯ ಅಚ್ಚಿದ್ದರೆ, ಅದರ ಮಣ್ಣು ಹೊತ್ತವರು ಇವರೇ. ನೀವು ಕಂಡಿದ್ದೀರಿ, ಬುತ್ತಿ ಹಿಡಿದು ನಿಮ್ಮ ಗೇಟಿನ ಎದುರೇ ಹೋಗುತ್ತಿದ್ದರು. ಬರುವ ಹತ್ತೊಂಬತ್ತನೇ ತಾರೀಕಿಗೆ ಕುಂದಾಪುರದಲ್ಲಿ ವಿಚಾರಣೆ. ಒಂದು ಹಂಚು ಇಳಿಸಿ ಕೈಯಲ್ಲಿ ಹಿಡಿದು ಬನ್ನಿ. ಕಂಡದ್ದನ್ನು ಕಂಡೆ ಎಂದು ಹೇಳಿ, ಆ ಹೇಳಿಕೆಗೆ ಸಹಿ ಹಾಕಿ.