ಉಂಟು, ಎಂಟು
ಬಂದ್ಯೋಡಿನ ಸಭಾಭವನಕ್ಕೆ ಮೈಕ್ ಜೋಡಿಸಲು ಹೋದ ನನ್ನನ್ನು ರೂಬಿಕ್ಸ್ ಕ್ಯೂಬ್ ಸ್ಪರ್ಧೆಯ ತೀರ್ಪುಗಾರನನ್ನಾಗಿ ಕೂರಿಸಿದರು. ಬರಬೇಕಾದವರು ಯಾರೋ ಬಂದಿರಲಿಲ್ಲವಂತೆ. ಕೆಲಸ ಸುಲಭ. ಬಣ್ಣ ಜೋಡಿಸುವ ಮೊದಲು ಕ್ಯೂಬನ್ನು ನೋಡಿಕೊಳ್ಳಲು ಹದಿನೈದು ಸೆಕೆಂಡು ಉಂಟು, ಅಷ್ಟರೊಳಗೆ ಶುರು ಮಾಡಬೇಕು. ಎಂಟಾದಾಗ "ಎಂಟು" ಎನ್ನಬೇಕು, ಹನ್ನೆರಡಾದಾಗ "ಹನ್ನೆರಡು". ಬೇರೆ ಮಾತಾಡಬಾರದು ಎಂದು ಯಾರೂ ಹೇಳಲಿಲ್ಲ.

ನನ್ನ ಮೇಜಿಗೆ ಬಂದವರು ಜಲಜಕ್ಕ, ಹೊಲಿಗೆ ಕ್ಲಾಸಿನ ಟೀಚರ್. ಫೈನಲಿಗೆ ಹೋಗಲು ಅವರಿಗೆ ಉಳಿದದ್ದು ಅದೊಂದೇ ಅವಕಾಶ. ಕ್ಯೂಬನ್ನು ತಿರುಗಿಸಿ ನೋಡುತ್ತಾ, "ಟೈಮ್ ಉಂಟಾ?" ಎಂದು ಕೇಳಿದರು.

"ಉಂಟು" ಎಂದೆ.

ಅವರು ಗಾಬರಿಯಿಂದ ಜೋಡಿಸಲು ಶುರು ಮಾಡಿಯೇ ಬಿಟ್ಟರು. ನಡುವೆ ಎಲ್ಲೋ ತಪ್ಪಿತು. ಕ್ಯೂಬ್ ಕೆಳಗಿಟ್ಟು, "ಮೂರು ಸೆಕೆಂಡಿಗೇ ಎಂಟು ಹೇಳುವುದು ಯಾವ ನ್ಯಾಯ ಮಾರಾಯ್ರೆ?" ಎಂದರು.

"ನಾನು ಉಂಟು ಅಂದದ್ದು."

"ಅದೇ, ಎಂಟು."

ಮಲಯಾಳ ಮಾತ್ರ ಬಲ್ಲ ಮುಖ್ಯ ತೀರ್ಪುಗಾರರು ನನ್ನಿಂದ ಎರಡೂ ಶಬ್ದಗಳನ್ನು ಮತ್ತೆ ಮತ್ತೆ ಹೇಳಿಸಿದರು. ಕೊನೆಗೆ ಯಾವುದು ಯಾವುದೆಂದು ನನಗೇ ಗೊತ್ತಾಗಲಿಲ್ಲ. ತಪ್ಪು ನನ್ನದೆಂದಾಗಿ, ಜಲಜಕ್ಕನಿಗೆ ಇನ್ನೊಂದು ಅವಕಾಶ ಸಿಕ್ಕಿತು. ಈ ಸಲ ಇಂಗ್ಲಿಷಿನಲ್ಲಿ "ಏಯ್ಟ್" ಎನ್ನಬೇಕೆಂದು ನನಗೆ ಅಪ್ಪಣೆಯಾಯಿತು.

ಜಲಜಕ್ಕ ಕ್ಯೂಬ್ ನೋಡುವುದು ಬಿಟ್ಟು ನನ್ನ ಬಾಯನ್ನೇ ನೋಡತೊಡಗಿದರು. ನನಗೆ ಕಸಿವಿಸಿಯಾಗಿ, "ಎಂತ?" ಎಂದುಬಿಟ್ಟೆ.

ಅವರು ಜೋಡಿಸಲು ಶುರು ಮಾಡಿದರು.

ಇನ್ನು ಅವರಿಗೆ ಮತ್ತೊಂದು ಅವಕಾಶ ಕೊಡಬೇಕೋ, ನನಗೆ ಬೇರೊಂದು ಭಾಷೆ ಕೊಡಬೇಕೋ ಎಂದು ಮುಖ್ಯ ತೀರ್ಪುಗಾರರು ನಿಯಮದ ಪುಸ್ತಕ ಹುಡುಕುತ್ತಾ ಹೋದರು.