ಆಯುಧಪೂಜೆಗೆ ಕೂತ ದುಬಾರಿ ತಕ್ಕಡಿ

ಮಾನ್ಯ ಓದುಗರ ಸನ್ನಿಧಾನಕ್ಕೆ,

ಪರ್ತ್ ನಗರದ ಎಲೆನ್‌ಬ್ರೂಕ್ ಬಡಾವಣೆಯ ನಿವಾಸಿಯೂ, ವೆಲ್ಷ್‌ಪೂಲ್ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಅಳತೆಯ ಉಪಕರಣಗಳನ್ನು ತಪಾಸಣೆ ಮಾಡುವ ಎಂಜಿನಿಯರೂ ಆದ ನಾನು ತಮ್ಮ ಅವಗಾಹನೆಗೆ ತರಬಯಸುವ ವಿಷಯ ಹೀಗಿದೆ: ಬಂದೂಕಿನ ಕಾಡತೂಸುಗಳನ್ನು ಮನೆಯಲ್ಲೇ ಮರುತುಂಬುವವರು ಕೊಳ್ಳುವ ದುಬಾರಿ ಸೂಕ್ಷ್ಮ ಉಪಕರಣಗಳು ಕೊಟ್ಟ ಬೆಲೆಗೆ ತಕ್ಕವೇ, ಅಲ್ಲವೇ? ಈ ಪ್ರಶ್ನೆಯನ್ನು ನನಗೆ ಹಲವರು ಕೇಳಿದ್ದಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಈಗ ಬರಹದಲ್ಲಿ ಒಂದೇ ಉತ್ತರ ಕೊಡಲು ಪ್ರಯತ್ನಿಸುತ್ತಿದ್ದೇನೆ. ಇದಕ್ಕೆ ಮೊದಲು ರಜೆಯ ಅರ್ಜಿ ಮತ್ತು ವರದಿಗಳನ್ನಲ್ಲದೆ ಬೇರೇನನ್ನೂ ಬರೆದವನಲ್ಲವಾದ್ದರಿಂದ ಲೋಪಗಳಿದ್ದಲ್ಲಿ ಮನ್ನಿಸಬೇಕೆಂದು ಕೋರುತ್ತೇನೆ.

ಮೊದಲಿಗೆ ಸ್ಪಷ್ಟಪಡಿಸಬೇಕಾದ ಅಂಶ, ಗುರಿಕಾರ ನಾನಲ್ಲ, ನನ್ನ ಹೆಂಡತಿ. ಮೈಸೂರಿನ ಕಾಲೇಜಿನಲ್ಲಿ ಎನ್‌ಸಿಸಿ ಕೆಡೆಟ್ ಆಗಿದ್ದಾಗ ಆಕೆ ನೆಲಕ್ಕೆ ಹೊಟ್ಟೆಯೂರಿ ಮಲಗಿ ಹೊಡೆದ ಗುಂಡುಗಳು ಒಂದು ರೂಪಾಯಿ ನಾಣ್ಯದಡಿ ಅಡಗುವಷ್ಟು ಒತ್ತಾಗಿ ಬೀಳುತ್ತಿದ್ದವಂತೆ. ಮದುವೆಯ ಮಾತುಕತೆಯ ದಿನ ಈ ವಿಷಯ ಕೇಳಿ ನನ್ನ ಸೋದರಮಾವ ಕಾಫಿ ಲೋಟವನ್ನು ಕೆಳಗಿಟ್ಟಿದ್ದರು. ಆಮೇಲೆ ಸಂಸಾರ, ವೀಸಾ, ಕೆಲಸ ಎಂದು ಎಷ್ಟೋ ವರ್ಷ ಆಕೆ ಬಂದೂಕು ಮುಟ್ಟಲಿಲ್ಲ. ಪರ್ತ್‌ಗೆ ಬಂದು ನೆಲೆಸಿದ ಮೇಲೆ ಪರವಾನಗಿ ಪಡೆದು, ಗೋಡೆಗೆ ಬೋಲ್ಟು ಹಾಕಿದ ಕಬ್ಬಿಣದ ಕಪಾಟು ಇಡಿಸಿ, ಊರ ಹೊರಗಿನ ಒಂದು ಗುರಿ ಕ್ಲಬ್ಬಿಗೆ ಸೇರಿದರು. ಅಡಿಲೇಡ್‌ನಲ್ಲಿ ನಡೆಯುವ ಅಂತರರಾಜ್ಯ ಪಂದ್ಯಕ್ಕೆ ಹೋಗುವ ತಂಡದಲ್ಲಿ ಒಂದು ಜಾಗ ಸಿಗಬೇಕೆಂಬುದು ಆಕೆಯ ಆಸೆ. ಹಿಂದಿನ ವರ್ಷ ಆ ಜಾಗ ಸ್ವಲ್ಪದರಲ್ಲೇ ತಪ್ಪಿಹೋಗಿತ್ತು. ಆ ಸಂಜೆ ಮನೆಗೆ ಬರುವ ದಾರಿಯುದ್ದಕ್ಕೂ ಆಕೆ ಮಾತಾಡಿರಲಿಲ್ಲ.

ಗುಂಡು ಹಾರಿದ ಮೇಲೆ ಹಿತ್ತಾಳೆಯ ಕೋಶ ಉಳಿಯುತ್ತದೆ. ಅದನ್ನು ಸ್ವಚ್ಛಗೊಳಿಸಿ, ಆಕಾರ ಸರಿಪಡಿಸಿ, ಸಿಡಿಮದ್ದನ್ನು ತೂಗಿ ಹಾಕಿ, ಹೊಸ ಗುಂಡನ್ನು ಕೂರಿಸುವುದೇ ಮರುತುಂಬುವಿಕೆ. ಪ್ರತಿಯೊಂದೂ ಇನ್ನೊಂದರಂತೆಯೇ ಇದ್ದರೆ ಗುಂಡುಗಳು ಒಂದೇ ಕಡೆ ಬೀಳುತ್ತವೆ. ಅಳತೆಯೇ ಬದುಕಾಗಿರುವ ನನ್ನಂಥವನಿಗೆ ಈ ಕೆಲಸ ಹೇಳಿ ಮಾಡಿಸಿದಂತಿತ್ತು. ಆಟ ಬಿಟ್ಟ ಹಿರಿಯರೊಬ್ಬರಿಂದ ಕೊಂಡ ಸಾಧಾರಣ ಸಲಕರಣೆಗಳಿಂದ ಶುರುಮಾಡಿದ್ದೆವು. ಅವುಗಳಲ್ಲಿ ಕೈಯಿಂದ ಸಮತೂಕ ಮಾಡುವ ಒಂದು ಹಳೆಯ ತಕ್ಕಡಿಯೂ ಇತ್ತು. ಆಕೆಗೆ ಜಾಗ ತಪ್ಪಿದ ಮೇಲೆ ನನ್ನಲ್ಲೊಂದು ನಿರ್ಧಾರ ಗಟ್ಟಿಯಾಯಿತು. ಒಂದು ಬರ್ನರ್ ಕೆಟ್ಟಿದ್ದ ಅಡುಗೆಮನೆಯ ಒಲೆಯನ್ನು ಬದಲಿಸುವ ಯೋಜನೆಯನ್ನು ಮುಂದೂಡಿ, ಬ್ರಿಸ್ಬೇನ್‌ನ ಒಬ್ಬ ವ್ಯಾಪಾರಿಯಿಂದ ಅತ್ಯುತ್ತಮ ದರ್ಜೆಯ ಎಲೆಕ್ಟ್ರಾನಿಕ್ ತಕ್ಕಡಿ, ಗುಂಡು ಕೂರಿಸುವ ಮೈಕ್ರೋಮೀಟರ್ ಅಚ್ಚು ಮತ್ತು ಕನ್ನಡಿಯಂತೆ ಹೊಳೆಯುವ ಒತ್ತುಯಂತ್ರವನ್ನು ತರಿಸಿದೆ.

ಬ್ರಿಸ್ಬೇನ್‌ನ ಟೂವಾಂಗ್‌ನಲ್ಲಿ ಬಾಡಿಗೆ ಮನೆ ಹಂಚಿಕೊಂಡು ಓದುತ್ತಿರುವ ನನ್ನ ನಾದಿನಿ ವಿಡಿಯೋ ಕರೆಯಲ್ಲಿ ಇವನ್ನು ನೋಡಿ ಕೇಳಿದಳು:

"ಭಾವ, ಇದು ಕಾಫಿ ಮಷೀನಾ?"

"ಅಲ್ಲಮ್ಮ, ಇದು ಪ್ರೆಸ್. ಗುಂಡು ಒಂಚೂರೂ ಅಲ್ಲಾಡದ ಹಾಗೆ ಕೂರಿಸತ್ತೆ."

"ಅಕ್ಕ ಮೂರು ಬರ್ನರಲ್ಲಿ ಅಡುಗೆ ಮಾಡ್ತಿದಾಳೆ, ನೀವು ಇದಕ್ಕೆ ದುಡ್ಡು ಹಾಕಿದೀರಾ?"

"ಸುಮ್ನಿರೆ," ಎಂದರು ನನ್ನ ಹೆಂಡತಿ ಹಿಂದಿನಿಂದ. "ನಿಮ್ಮ ಭಾವ ತಾವೇ ಪಂದ್ಯಕ್ಕೆ ಹೋಗೋ ಹಾಗೆ ಒದ್ದಾಡ್ತಿದಾರೆ. ನಾನು ಬರೀ ಟ್ರಿಗರ್ ಒತ್ತೋಳು."

ಆಯ್ಕೆ ಪಂದ್ಯ ಶನಿವಾರವಿತ್ತು. ಅದೇ ವಾರದ ಆರಂಭದಲ್ಲಿ ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಕಾರು, ಲ್ಯಾಪ್‌ಟಾಪ್, ತರಕಾರಿ ಹೆಚ್ಚುವ ಚಾಕು, ಹೊಲಿಗೆ ಯಂತ್ರ ಎಲ್ಲಕ್ಕೂ ಪೂಜೆಯಾಗುತ್ತದೆ. ಹೊಸ ಉಪಕರಣಗಳನ್ನು ಬಿಡುವುದು ಹೇಗೆ? ಮದ್ದು ಬೀಗದೊಳಗೆ ಗ್ಯಾರೇಜಿನಲ್ಲಿಯೇ ಇರತಕ್ಕದ್ದು, ಕರ್ಪೂರವಾಗಲಿ ದೀಪವಾಗಲಿ ಅತ್ತ ಸುಳಿಯತಕ್ಕದ್ದಲ್ಲ ಎಂದು ನಾನು ಆದೇಶದ ಧಾಟಿಯಲ್ಲಿ ಹೇಳಿದೆ. ಉಪಕರಣಗಳನ್ನಷ್ಟೇ ಒಳಗೆ ತಂದು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟೆವು. ಅಷ್ಟು ಎಚ್ಚರ ವಹಿಸಿದ ನಾನು ಬಟ್ಟಲಿನಲ್ಲಿ ಕಲಸಿದ ಗಂಧವನ್ನೂ ಕುಂಕುಮವನ್ನೂ ಅನುಮಾನಿಸಲಿಲ್ಲ. ಆಕೆ ತಕ್ಕಡಿಯ ಹಣೆಗೆ, ಅಂದರೆ ತಟ್ಟೆಯ ಕೆಳಗಿನ ಸಂದಿನ ಪಕ್ಕಕ್ಕೆ, ಧಾರಾಳವಾಗಿ ಗಂಧ ಕುಂಕುಮ ಹಚ್ಚಿದರು. ನಾನು ಮೈಕ್ರೋಮೀಟರ್ ಅಚ್ಚಿಗೆ ಹಚ್ಚಿ ಎಲ್ಲಕ್ಕೂ ಅಕ್ಷತೆ ಎರಚಿದೆ. ಸೇವಂತಿಗೆ ಮುಡಿದ ಒತ್ತುಯಂತ್ರ ಮದುವಣಗಿತ್ತಿಯಂತೆ ಕಂಡಿತು. ಅದರ ಛಾಯಾಚಿತ್ರ ತೆಗೆದು ಬಂಧುಗಳಿಗೆಲ್ಲ ಕಳಿಸಿದೆವು. ಸಂಪ್ರದಾಯದಂತೆ ಆ ದಿನ ಯಾವುದನ್ನೂ ಬಳಸಲಿಲ್ಲ.

ಮರುದಿನ ಸಂಜೆ ಕೆಲಸಕ್ಕೆ ಕುಳಿತೆ. ವೃತ್ತಿಯ ಅಭ್ಯಾಸದಂತೆ ಮೊದಲು ತಪಾಸಣೆಯ ತೂಕದ ಕಲ್ಲನ್ನು ತಟ್ಟೆಯಲ್ಲಿಟ್ಟೆ. ಒಂದು ಅಂಕಿ ಬಂತು. ಎತ್ತಿ ಮತ್ತೆ ಇಟ್ಟೆ. ಬೇರೊಂದು ಬಂತು. ಮೂರನೆಯ ಸಲ ಅಂಕಿಗಳು ನಿಲ್ಲದೆ ಏರಿಳಿಯತೊಡಗಿದವು. ತಟ್ಟೆ ತೆಗೆದು ಟಾರ್ಚು ಬಿಟ್ಟರೆ ಸಂದಿನೊಳಗೆ ಕುಂಕುಮದ ಕೆಸರು, ಅದರ ನಡುವೆ ಒಂದು ಅಕ್ಕಿಕಾಳು. ಅಚ್ಚಿನ ತಿರುಪಿನಲ್ಲಿ ಗಂಧ ಒಣಗಿ ಸಿಮೆಂಟಾಗಿತ್ತು. ಅಚ್ಚನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ ಉಳಿಸಿಕೊಂಡೆ. ತಕ್ಕಡಿ ನನ್ನ ಕೈಮೀರಿತ್ತು. ತೂಕದಲ್ಲಿ ಅನುಮಾನವಿರುವ ತಕ್ಕಡಿಯಿಂದ ಮದ್ದು ತೂಗುವುದು ಅಪಾಯವಾದ್ದರಿಂದ ಅದನ್ನು ಡಬ್ಬಕ್ಕೆ ಹಾಕಿ ದುರಸ್ತಿಗಾಗಿ ಬ್ರಿಸ್ಬೇನ್‌ಗೆ ಕಳಿಸಿಬಿಟ್ಟೆ.

"ಹೋಯ್ತಾ?" ಎಂದರು ನನ್ನ ಹೆಂಡತಿ.

"ಹೋಯ್ತು. ನಿನ್ನ ಸೆಲೆಕ್ಷನ್ನೂ ನಾನೇ ಕೆಡಿಸಿಬಿಟ್ಟೆನೇನೋ."

ಆಕೆ ನಗಲು ಶುರುಮಾಡಿದರು. ಕುರ್ಚಿ ಹಿಡಿದುಕೊಂಡು, ಕಣ್ಣೊರೆಸಿಕೊಂಡು ನಕ್ಕರು. "ತಕ್ಕಡಿಗೂ ಕುಂಕುಮ ಅಲರ್ಜಿ ಆಯ್ತಲ್ರೀ. ಆ ಹಳೇದು ಬೆಂಚಿನ ಕೆಳಗೆ ಇದೆಯಲ್ಲ, ಅದನ್ನ ತೆಗೀರಿ. ಅದಕ್ಕೇನೂ ಹಚ್ಚಿಲ್ಲ."

ಪೂಜೆಗೆ ಮೊದಲು ಹೊಸ ತಕ್ಕಡಿಯಲ್ಲಿ ತೂಗಿ ತುಂಬಿದ ಕಾಡತೂಸುಗಳು ಒಂದು ಸುತ್ತಿಗೆ ಸಾಲುವಷ್ಟು ಉಳಿದಿದ್ದವು. ಎರಡನೆಯ ಸುತ್ತಿನವನ್ನು ಹಳೆಯ ತಕ್ಕಡಿಯಲ್ಲಿ ತೂಗಿದೆ. ಅದರ ದಂಡ ನಿಧಾನವಾಗಿ ತೂಗಾಡಿ, ಗೆರೆಗೆ ಬಂದು ನಿಲ್ಲುವವರೆಗೆ ಉಸಿರು ಹಿಡಿಯಬೇಕು. ಫ್ಯಾನ್ ಹಾಕುವಂತಿಲ್ಲ. ಹೊಸದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ವಾರದ ಉಳಿದ ಸಂಜೆಗಳೆಲ್ಲ ಹಿಡಿದವು. ಆಕೆ ಎದುರಿಗೆ ಕುಳಿತು ಖಾಲಿ ಕೋಶಗಳನ್ನು ಒರೆಸಿಕೊಟ್ಟರು. ನಾವಿಬ್ಬರೂ ಫೋನ್ ಬದಿಗಿಟ್ಟು ಅಷ್ಟು ಹೊತ್ತು ಮಾತಾಡಿದ್ದು ಬಹಳ ಕಾಲದ ಮೇಲೆ. ಇದನ್ನು ಉಪಕರಣದ ಗುಣಗಳಲ್ಲಿ ಸೇರಿಸಬಹುದೋ ಇಲ್ಲವೋ ನನಗೆ ತಿಳಿಯದು.

ಶನಿವಾರ ಮುಂಜಾನೆಯ ಸುತ್ತಿನಲ್ಲಿ ಗಾಳಿ ಇರಲಿಲ್ಲ. ಆಕೆ ಹೊಸ ತಕ್ಕಡಿಯ ಕಾಡತೂಸುಗಳನ್ನು ಬಳಸಿದರು. ಗುಂಡು ಗುರಿ ಹಲಗೆಯಲ್ಲಿ ಎಲ್ಲಿ ಬಿತ್ತೆಂಬುದು ಟ್ಯಾಬ್ಲೆಟ್ ಪರದೆಯ ಮೇಲೆ ಬರುತ್ತದೆ. ಗುಂಡುಗಳೆಲ್ಲ ಒತ್ತಾಗಿ ಬಿದ್ದವು. ಅವುಗಳಲ್ಲೊಂದು ಒಳವೃತ್ತದ ಗೆರೆಯನ್ನು ಕೂದಲೆಳೆಯಷ್ಟು ತಾಗಿ ಪೂರ್ತಿ ಅಂಕ ಪಡೆಯಿತು.

ಮಧ್ಯಾಹ್ನದ ಸುತ್ತಿಗೆ ಸಮುದ್ರದ ಗಾಳಿ ಎದ್ದಿತು. ಗಾಳಿಬಾವುಟಗಳು ಒಂದು ಕಡೆ ಚಾಚಿ, ಸೋತು, ಮತ್ತೆ ಚಾಚುತ್ತಿದ್ದವು. ಹಳೆಯ ತಕ್ಕಡಿಯ ಕಾಡತೂಸುಗಳ ಸರದಿ ಇದೇ. ಗುಂಡುಗಳು ಮೇಲೆ ಕೆಳಗೆ ಸ್ವಲ್ಪವೇ ಚದುರಿದವು. ಬಲಕ್ಕೆ ಎಡಕ್ಕೆ ಎಳೆದದ್ದು ಗಾಳಿ, ಅದೂ ಗೇಣುಗಟ್ಟಲೆ. ಅಕ್ಕಪಕ್ಕದವರ ಗುಂಡುಗಳು ಅಂಚಿಗೆ ಹೋಗುತ್ತಿದ್ದವು. ಆಕೆ ಒಂದೊಂದು ಸಲ ಬಂದೂಕಿನಿಂದ ಕಣ್ಣು ತೆಗೆದು ಬಾವುಟ ನೋಡುತ್ತ ಕಾದೇ ಕಾದರು. ಸಮಯ ಮೀರುತ್ತದೆಂದು ನಾನು ಹಿಂದೆ ಕುಳಿತು ಟೋಪಿಯ ಅಂಚನ್ನು ಕಚ್ಚುತ್ತಿದ್ದೆ.

ಸಂಜೆ ಬಾರ್ಬೆಕ್ಯೂ ಹೊಗೆಯ ಪಕ್ಕದಲ್ಲಿ ನಿಂತು ತಂಡದ ನಾಯಕರು ಹೆಸರುಗಳನ್ನು ಓದಿದರು. ಹೆಸರುಗಳು ಮುಗಿಯುತ್ತ ಬಂದವು. ಆಕೆ ಕೈಕಟ್ಟಿ ನೆಲ ನೋಡುತ್ತಿದ್ದರು. ಕೊನೆಯ ಹೆಸರು ನನ್ನ ಹೆಂಡತಿಯದು. ಉಚ್ಚಾರಣೆ ಕೆಟ್ಟಿದ್ದರೂ ಅನುಮಾನವಿರಲಿಲ್ಲ. ಆಕೆಯ ನಂತರ ಬಂದು ಜಾಗ ತಪ್ಪಿದವರಿಗೂ ಆಕೆಗೂ ಇದ್ದ ಅಂತರ ಒಂದೇ ಅಂಕ. ಆಕೆ ತಲೆಯೆತ್ತದೆ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದರು. ಬೆರಳಿನ ಗುರುತು ಎಷ್ಟೋ ಹೊತ್ತು ಉಳಿದಿತ್ತು.

ಕಾರಿನಲ್ಲಿ ನಾದಿನಿಗೆ ಕರೆ ಮಾಡಿದೆವು. ಕಿರುಚಾಟವೆಲ್ಲ ಆದ ಮೇಲೆ ಅವಳು ಕೇಳಿದಳು:

"ಹಾಗಾದ್ರೆ ಭಾವ, ಆ ಕಾಫಿ ಮಷೀನು ವೇಸ್ಟೇ ಅಲ್ವಾ? ಗಾಳೀಲಿ ಗೆದ್ದಿದ್ದು ಅಕ್ಕನೇ ತಾನೇ?"

"ಹಾಗೆ ಹೇಳೋಕಾಗಲ್ಲ. ಬೆಳಿಗ್ಗೆ ಗೆರೆ ತಾಗಿದ್ದು ಒಂದಿದೆ. ಕೂದಲೆಳೆ ಆಚೆ ಹೋಗಿದ್ರೆ ಒಂದು ಪಾಯಿಂಟ್ ಹೋಗ್ತಿತ್ತು. ಅದು ಹೊಸ ತಕ್ಕಡಿ ದಯೆನೂ ಇರಬಹುದು."

"ಅಯ್ಯೋ, ವಾದ ಬೇಡ," ಎಂದರು ನನ್ನ ಹೆಂಡತಿ. "ಆ ಒಂದು ಪಾಯಿಂಟ್ ನೀವೇ ಇಟ್ಕೊಳ್ಳಿ. ಉಳಿದಿದ್ದೆಲ್ಲ ನಂದು."

ಮುಂದಿನ ವಾರ ದುರಸ್ತಿಯವರು ಬ್ರಿಸ್ಬೇನ್‌ನಿಂದ ಕರೆ ಮಾಡಿ, ಒಳಗಿರುವ ಕೆಂಪು ಪುಡಿ ತುಕ್ಕೇ, ಮೆಣಸಿನ ಪುಡಿಯೇ ಎಂದು ವಿಚಾರಿಸಿದರು. ವರ್ಷಕ್ಕೊಮ್ಮೆ ನಮ್ಮ ಉಪಕರಣಗಳಿಗೆ ಕೃತಜ್ಞತೆ ಸಲ್ಲಿಸುವ ಪದ್ಧತಿಯೆಂದು ವಿವರಿಸಿದೆ. "ಒಳ್ಳೇ ಪದ್ಧತಿ, ಮೇಟ್," ಎಂದರು ಅವರು. "ಮುಂದಿನ ಸಲ ಹೊರಗಿನ ಡಬ್ಬಕ್ಕೆ ಹಚ್ಚು."

ಮೇಲ್ಕಂಡ ಸಂಗತಿಗಳ ಆಧಾರದ ಮೇಲೆ ನನ್ನ ಅಭಿಪ್ರಾಯ ಇಷ್ಟು. ಹೊಸದಾಗಿ ಆಟಕ್ಕೆ ಬಂದವರು ದುಬಾರಿ ಉಪಕರಣ ಕೊಳ್ಳಬೇಕಾಗಿಲ್ಲ. ಆ ಹಣದಲ್ಲಿ ಅಭ್ಯಾಸ ಮಾಡಿ ಗಾಳಿ ಓದಲು ಕಲಿಯುವುದು ಲೇಸು. ಹೊಳೆಯುವ ಒತ್ತುಯಂತ್ರ ನನ್ನ ಕಣ್ಣಿಗೆ ಹಬ್ಬ ಮಾಡಿತೇ ಹೊರತು ಹಲಗೆಯ ಮೇಲೆ ಅದರ ಗುರುತು ಕಾಣಲಿಲ್ಲ. ತಕ್ಕಡಿಯ ವಿಷಯ ಬೇರೆ. ಒಂದು ಅಂಕದಲ್ಲಿ ಜಾಗ ತಪ್ಪುವ ಮಟ್ಟಕ್ಕೆ ಬಂದವರಿಗೆ ಅದು ಕೊಡುವುದು ಹೆಚ್ಚೆಂದರೆ ಆ ಒಂದು ಅಂಕ. ಆ ಅಂಕಕ್ಕೆ ಬೆಲೆ ಎಷ್ಟೆಂದು ಕೊಳ್ಳುವವರು ಹೇಳಬಾರದು, ಹಿಂದಿನ ವರ್ಷ ಮೌನವಾಗಿ ಮನೆಗೆ ಬಂದವರನ್ನು ಕೇಳಬೇಕು.

ಅಡಿಲೇಡ್ ಪಂದ್ಯ ಮುಂದಿನ ತಿಂಗಳು. ವಿಮಾನದ ಟಿಕೆಟ್ಟು ಆಗಿದೆ. ಅಲ್ಲಿ ಗಾಳಿ ಬೆಟ್ಟದ ಕಡೆಯಿಂದ ಇಳಿಯುತ್ತದೆಂದು ಯಾರೋ ಹೇಳಿದ ದಿನದಿಂದ ನನ್ನ ಹೆಂಡತಿ ಸಂಜೆಯ ಹೊತ್ತು ಹಿತ್ತಿಲಿನಲ್ಲಿ ಚಾಪೆ ಹಾಸಿ, ಹೊಟ್ಟೆಯೂರಿ ಮಲಗಿ, ತಂತಿಯ ಮೇಲೆ ಒಣಹಾಕಿದ ನನ್ನ ಅಂಗಿಗಳು ಹಾರುವುದನ್ನು ನೋಡುತ್ತಿರುತ್ತಾರೆ. ಅಂಗಿ ಒಣಗಿದರೂ ತೆಗೆಯತಕ್ಕದ್ದಲ್ಲವೆಂದು ನನಗೆ ಸೂಚನೆಯಾಗಿದೆ. ಪಾಲಿಸುತ್ತಿದ್ದೇನೆ.

ತಮ್ಮ ವಿಶ್ವಾಸಿ,
ಆ ಒಂದು ಅಂಕದ ಮಾಲೀಕ