ದೊಡ್ಡಮ್ಮ ನೋಡಿದ ಅಲೆ

ಸಿಗಂದೂರಿನ ಬಸ್ಸಿನಲ್ಲಿ ಪಕ್ಕದವರು ವಾಂತಿ ಬಾರದಿರಲೆಂದು ನಿಂಬೆಹಣ್ಣು ಮೂಸುತ್ತಿದ್ದರು. ಆ ವಾಸನೆಗೆ ಹೊಸನಗರದ ದೊಡ್ಡಮ್ಮ ನೆನಪಾದಳು.

ಊಟವಾದ ಮೇಲೆ ದೊಡ್ಡಪ್ಪ ಜಗಲಿಯಲ್ಲಿ ಎಲೆಯಡಿಕೆಯ ಕವಳ ಹಾಕಿಕೊಂಡು, ನೆಂಟರಿಗೆ ರೈಲು, ವಿಮಾನದ ಕಥೆ ಮುಗಿಸಿ ಬೊಂಬಾಯಿ ಹಡಗಿನ ಕಥೆಗೆ ಬರುತ್ತಿದ್ದರು. "ತೆಂಗಿನಮರದೆತ್ತರ ಅಲೆ! ನಾನು ಅಲ್ಲಾಡ್ದೆ ನಿಂತಿದ್ದೆ."

ಒಮ್ಮೆ ನೀರಿನ ಚೊಂಬು ತಂದಿಟ್ಟ ದೊಡ್ಡಮ್ಮ ನಗುತ್ತಲೇ ಅಂದಳು: "ಎಲ್ಲಿ ನಿಂತಿದ್ರಿ? ನಿಂಬೆಹಣ್ಣು ಮೂಸ್ಕಂಡು ಮಲಗಿದ್ರಲ್ಲ! ಅಲೆ ನೋಡಿದ್ದು ನಾನು."

ಜಗಲಿಯೆಲ್ಲ ನಕ್ಕಿತು. ದೊಡ್ಡಪ್ಪ ನಗಲಿಲ್ಲ. ಅಂಗಳಕ್ಕೆ ಕವಳ ಉಗಿದು, "ಇವಳನ್ನ ಕರ್ಕಂಡು ಹೋಗಿದ್ದೇ ತಪ್ಪಾಯ್ತು" ಎಂದರು.

ಆ ತಪ್ಪನ್ನು ಅವರು ಮತ್ತೆ ಮಾಡಲಿಲ್ಲ. ಹತ್ತಿರದ ವರದಹಳ್ಳಿ ಆಶ್ರಮಕ್ಕೂ ತಾವೊಬ್ಬರೇ ಹೋಗಿಬಂದರು. ಹಡಗಿನ ಕಥೆ ಮಾತ್ರ ನಿಲ್ಲಲಿಲ್ಲ; ಅಲೆ ವರ್ಷವರ್ಷವೂ ಎತ್ತರವಾಯಿತು. ದೊಡ್ಡಮ್ಮ ಚೊಂಬಿಟ್ಟು ಒಳಗೆ ಹೋಗುತ್ತಿದ್ದಳು.

ಬಸ್ಸು ಸೇತುವೆ ಮೇಲೆ ಹಿನ್ನೀರು ದಾಟಿತು. ಸಮುದ್ರ ನೋಡಿದ್ದ ದೊಡ್ಡಮ್ಮ ಇಷ್ಟು ನೀರನ್ನೂ ದಾಟದೆ ಸತ್ತಳು.